ಅರಿಸಿನ ಕುಡಿದ ಪ್ರಿಂಟರ್

ನಮ್ಮ ಸೋದರಮಾವ ಒಂದೇ ಕಡೆ ಕೂತು ಒಂದು ಕಪ್ ಚಹಾ ಮುಗಿಸಿದ್ದನ್ನು ಕಂಡವರು ನರಗುಂದದಲ್ಲಿ ಯಾರಾದರೂ ಇದ್ದರೆ ಕೈ ಎತ್ತಲಿ! ಅರ್ಧ ಕುಡಿಯುವಷ್ಟರಲ್ಲಿ ಏನೋ ನೆನಪಾಗಿ ಎದ್ದು ಹೊರಟಿರುತ್ತಾರೆ. ಉಳಿದರ್ಧ ಬಜಾರಿನ ಯಾವುದೋ ಅಂಗಡಿಯ ಕಟ್ಟೆಯ ಮೇಲೆ ಆರುತ್ತಿರುತ್ತದೆ. ಇಂಥವರು ಮಗಳ ಲಗ್ನಪತ್ರಿಕೆಯನ್ನು ಮನೆಯಲ್ಲೇ, ಅದೂ ಬಣ್ಣದಲ್ಲಿ, ಅಚ್ಚು ಹಾಕುತ್ತೇನೆಂದು ಹಟ ಹಿಡಿದರೆ ಏನಾಗಬೇಕು?

ಊರವರ ಲಗ್ನಪತ್ರಿಕೆಗಳನ್ನೆಲ್ಲ ತಮ್ಮ ಹಳೆಯ ಅಚ್ಚಿನ ಮಷೀನಿನಲ್ಲಿ ಬರೀ ಕೆಂಪು ಶಾಯಿಯಿಂದ ಒತ್ತಿಕೊಟ್ಟವರು ಅವರು. "ನನ್ನ ಮಗಳದು ಹಂಗ ಆಗಬಾರದು" ಎಂದರು. ಒಬ್ಬಳೇ ಮಗಳು. ಗಂಡಿನ ಮನೆ ಗಜೇಂದ್ರಗಡ. ಮುಹೂರ್ತ ಗೊತ್ತಾಗಿತ್ತು. ಬಾಕಿ ಇದ್ದದ್ದು ಪತ್ರಿಕೆ, ಅದಕ್ಕೆ ಬೇಕಾದದ್ದು ಪ್ರಿಂಟರು!

ಮೊದಲು ರೋಣದಲ್ಲಿ ನನ್ನ ಗೆಳೆಯನ ಮನೆಯ ಶಾಯಿಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಒಂದು ನಮೂನೆ ತೆಗೆದೆವು. ಚೆನ್ನಾಗಿಯೇ ಬಂತು. ಮಾಮಾ ಜೇಬಿನಿಂದ ಡಬ್ಬಿ ತೆಗೆದು, ಪದ್ಧತಿಯಂತೆ ನಾಲ್ಕೂ ಮೂಲೆಗೆ ಒದ್ದೆ ಅರಿಸಿನ ಹಚ್ಚಿದರು. ಮೂಲೆಯಲ್ಲಿದ್ದ ಬೀಗರ ಹೆಸರು ಕರಗಿ ಹರಿದುಹೋಯಿತು.

"ಲಗ್ನಕ್ಕ ಮೊದಲ ಬೀಗರನ್ನ ತೊಳದಬಿಟ್ರಲ್ರಿ ಮಾಮಾ!" ಎಂದೆ.

"ಅರಿಷಿಣ ತಡ್ಕೊಳ್ಳಲಾರದ್ದು ಎಂಥಾ ಮಷೀನಲೇ? ನಡಿ ಹುಬ್ಬಳ್ಳಿಗೆ!"

ಹುಬ್ಬಳ್ಳಿಯ ಅಂಗಡಿಯವನು ಸಮಾಧಾನದ ಮನುಷ್ಯ. ಲೇಸರ್ ಪ್ರಿಂಟರಿನಲ್ಲಿ ಶಾಯಿ ಇರುವುದಿಲ್ಲ, ಬಣ್ಣದ ಪುಡಿ ಇರುತ್ತದೆ, ಅದನ್ನು ಕಾಸಿ ಹಾಳೆಗೆ ಅಂಟಿಸುತ್ತದೆ, ನೀರು ಬಿದ್ದರೂ ಕದಡುವುದಿಲ್ಲ ಎಂದೆಲ್ಲ ವಿವರಿಸಿದ. ಕುರ್ಚಿ ಕೊಟ್ಟರೆ ಮಾಮಾ ಕೂಡಬೇಕಲ್ಲ! ಮಷೀನುಗಳ ಸುತ್ತ ತಿರುಗುತ್ತಲೇ ಕೇಳಿದರು.

"ಬಣ್ಣ ಯಾವ್ಯಾವು?"

"ಕರಿ, ನೀಲಿ, ಗುಲಾಬಿ, ಹಳದಿ ರೀ."

"ಕುಂಕುಮದ್ದು ಎಲ್ಲೈತಿ?"

"ಗುಲಾಬಿ, ಹಳದಿ ಕೂಡಿದರ ಕೆಂಪು ಬರ್ತೈತ್ರಿ."

ಒಂದು ಮಷೀನಿನ ಕೆಂಪು ಇಟ್ಟಂಗಿಯಂತಿದೆ ಎಂದರು. ಇನ್ನೊಂದರದು ಗಜ್ಜರಿಯಂತೆ! ಮೂರನೆಯದನ್ನು ತೋರಿಸುವ ಮೊದಲು ಅಂಗಡಿಯವನು ಫೋನು ಎತ್ತಲು ಅತ್ತ ತಿರುಗಿದ. ಅಷ್ಟೇ ಸಾಕಾಯಿತು. ಶುಭವಾಗಲೆಂದು ಮಾಮಾ ಖಾಲಿ ಹಾಳೆಯ ನಾಲ್ಕೂ ಮೂಲೆಗೆ ಅರಿಸಿನ ಬಳಿದು ಆ ಮೂರನೆಯ ಮಷೀನಿಗೆ ತುರುಕಿಬಿಟ್ಟರು! ಅದು ಕರಕರ ಹಲ್ಲು ಕಡಿಯಿತು. ಆಮೇಲೆ ಯಾವ ಹಾಳೆ ತೆಗೆದರೂ ಮೂಲೆಯಲ್ಲಿ ಹಳದಿ. ಅಂಗಡಿಯವನು ತಲೆಯ ಮೇಲೆ ಕೈ ಹೊತ್ತ.

"ನೋಡಲೇ, ಮಷೀನಿಗೂ ಪದ್ಧತಿ ತಿಳದಬಿಡ್ತು!" ಎಂದರು ಮಾಮಾ.

ಹಾಗಾದರೆ ಕೊಂಡರೇ? ಎಲ್ಲಿಯದು! "ಕೆಂಪು ಇನ್ನೊಂಚೂರು ಗಾಢ ಆಗಬೇಕಿತ್ತು" ಎಂದು ಗೊಣಗುತ್ತ ಬಸ್ಸು ಹತ್ತಿದರು.

ಗಜೇಂದ್ರಗಡದಿಂದ ಫೋನುಗಳು ಶುರುವಾದವು. "ಪತ್ರಿಕಿ ಯಾವಾಗ ಬರ್ತಾವ್ರಿ?" ಎಂದು ಬೀಗರು ಕೇಳಿದರೆ, "ಬಣ್ಣ ನೋಡಾಕತ್ತೀನ್ರಿ" ಎಂಬ ಉತ್ತರ. ಅತ್ತೆಯ ಸಹನೆ ತೀರಿತು. "ಇವರು ಪ್ರಿಂಟರ್ ಆರಿಸೂದರಾಗ ಮೊಮ್ಮಗನ ತೊಟ್ಲಾ ಕಟ್ಟೂ ಹೊತ್ತಾಗ್ತೈತಿ!" ಮಾಮಾ ಅದನ್ನು ಕೇಳಿಸಿಕೊಳ್ಳದೆ ಮನೆಯೊಳಗೂ ಹೊರಗೂ ಅಲೆಯುತ್ತಿದ್ದರು.

ಕೊನೆಗೆ ಮಗಳೇ ಹುಬ್ಬಳ್ಳಿಗೆ ಫೋನು ಮಾಡಿದಳು. ಮರುದಿನ ಅದೇ ಅರಿಸಿನ ಕುಡಿದ ಮಷೀನು ಟಂಟಂ ರಿಕ್ಷಾದಲ್ಲಿ ಬಂದು ಪಡಸಾಲೆಯಲ್ಲಿ ಕೂತಿತು. ಅಂಗಡಿಯವನು ಹಳದಿ ಒರೆಸಿ ಕಳಿಸಿದ್ದ, ಪುಣ್ಯಾತ್ಮ.

"ಇದು ಬ್ಯಾಡವಾ, ಗದಗಿನಾಗ ಒಂದ್ ಸಲ ನೋಡೂಣು" ಎಂದು ಮಾಮಾ ಚಪ್ಪಲಿ ಹುಡುಕತೊಡಗಿದರು.

"ಅಪ್ಪಾ, ತಿರುಗಿದ್ದು ಸಾಕು. ಕುಂದರು" ಎಂದವಳೇ ಗುಂಡಿ ಒತ್ತಿದಳು.

ಮೊದಲ ಪತ್ರಿಕೆ ಹೊರಗೆ ಜಾರಿತು. ಈಗ ಕೆಂಪಿನ ಮೇಲೆ ಒಂದು ದೂರು ಬರುತ್ತದೆಂದು ನಾವೆಲ್ಲ ಕಾದೆವು. ಮಾಮಾ ಅದನ್ನು ಎತ್ತಿಕೊಂಡರು. ಬಣ್ಣ ನೋಡಲೇ ಇಲ್ಲ. ಎರಡೂ ಅಂಗೈಯಲ್ಲಿ ಹಿಡಿದು, ಕೆನ್ನೆಗೆ ಒತ್ತಿಕೊಂಡು, ನೆಲದ ಮೇಲೆ ಕೂತುಬಿಟ್ಟರು. ಆ ಮನುಷ್ಯ ಹಾಗೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಪತ್ರಿಕಿ ಬರೂತನಕ ಲಗ್ನ ಇನ್ನೂ ದೂರ ಐತಿ ಅನ್ನಸ್ತಿತ್ತಲೇ" ಎಂದರು ನನಗೆ. ಆಮೇಲೆ ಮಗಳ ಕಡೆ ತಿರುಗಿ ಮೆಲ್ಲಗೆ, "ಎಷ್ಟ್ ಬೆಚ್ಚಗೈತಿ ನೋಡವಾ ಇದು. ನೀ ಹುಟ್ಟಿದಾಗ ಸೂಲಗಿತ್ತಿ ನಿನ್ನ ತಂದು ನನ್ನ ಕೈಯಾಗ ಕೊಟ್ಟಳಲ್ಲ, ಹಿಂಗ ಇದ್ದಿ."