ಎಲ್ಲದಕ್ಕೂ ಹೂಂ ಅಂದ ಹೂಂಗುಟ್ಟಿ

"ಲೇ ಮಂಗಳಾ, ಸೌಟು ಕೆಳಗಿಟ್ಟು ಬಾ! ಇವತ್ತಿಗೆ ನೀನು ಹರಟೆ ಹೊಡೆಯೋ ಕಷ್ಟ ತೀರ್ತು!"

ನಮ್ಮವರು ಹೀಗೆ ಕೂಗಿದಾಗಲೆಲ್ಲ ನಾನು ಮೊದಲು ಗ್ಯಾಸ್ ಆರಿಸುತ್ತೇನೆ, ಆಮೇಲೆ ಮೇನ್ ಸ್ವಿಚ್ ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ. ನಮ್ಮವರ ಹೆಸರು ಪಂಚಾಕ್ಷರಯ್ಯ. ತುಮಕೂರಿನಲ್ಲಿ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾದವರು. ಅವರು ನಿವೃತ್ತರಾದ ಮೇಲೆ ಊರಿನ ಲಿಫ್ಟುಗಳು ಬದುಕಿಕೊಂಡವು, ನಮ್ಮ ಮನೆಯ ಸಾಮಾನುಗಳು ಸಿಕ್ಕಿಬಿದ್ದವು. ಹೋದ ಸಲ ತಾನಾಗಿಯೇ ದೋಸೆ ಮಗುಚುವ ಕಾವಲಿ ಮಾಡಿದ್ದರು. ಅದು ಮಗುಚಿದ ಮೊದಲನೆಯ ದೋಸೆ ಇನ್ನೂ ಫ್ಯಾನಿನ ರೆಕ್ಕೆಯ ಮೇಲಿದೆ.

ಈ ಸಲ ಮೇಜಿನ ಮೇಲೆ ಕೂತಿದ್ದದ್ದು ನನ್ನದೇ ಸ್ಟೀಲಿನ ಮಸಾಲೆ ಡಬ್ಬ! ಜೀರಿಗೆ, ಸಾಸಿವೆ ಇರಬೇಕಾದ ಬಟ್ಟಲುಗಳಲ್ಲಿ ವೈರುಗಳು. ಮುಚ್ಚಳದ ಮೇಲೆ ಲಿಫ್ಟಿನ ಕೆಂಪು ಬಾಣಗಳು ಮಿಣಮಿಣ ಎನ್ನುತ್ತಿದ್ದವು.

"ಇದರ ಹೆಸರು ಹೂಂಗುಟ್ಟಿ," ಎಂದರು ಎದೆಯುಬ್ಬಿಸಿ. "ನಿನ್ನ ಫೋನನ್ನ ಇದಕ್ಕೆ ಜೋಡಿಸಿದೀನಿ. ನಿನ್ನ ಗೆಳತಿಯರು ಏನೇ ಬರೀಲಿ, ನಿನ್ನ ಹೆಸರಲ್ಲಿ ಇದೇ ಉತ್ತರ ಕೊಡುತ್ತೆ. ಬಾಯಲ್ಲಿ ಹೇಳಿದ್ರೂ ಕೇಳಿಸ್ಕೊಳ್ಳುತ್ತೆ. ಬೇಕಾದ್ರೆ ಮಾತಾಡಿಸಿ ನೋಡು!"

"ನನ್ನ ಜೀರಿಗೆ ಎಲ್ಲಿ?" ಎಂದೆ.

ಡಬ್ಬ 'ಟಿಂಗ್' ಎಂದಿತು. ಲಿಫ್ಟಿನೊಳಗೆ ಮಾತಾಡುತ್ತಾಳಲ್ಲ, ಆ ಹೆಂಗಸಿನ ದನಿಯಲ್ಲಿ, "ಹೂಂ, ನಿಜ. ಒಳ್ಳೆಯದು," ಎಂದಿತು.

"ಇದೇನ್ರೀ ಉತ್ತರ?"

"ಅದೇ ಕಣೇ ಇದರ ಗುಟ್ಟು! ಜಗಳ ಯಾಕಾಗುತ್ತೆ ಹೇಳು? ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಇಲ್ಲ ಅಂತಾರೆ. ಇದಕ್ಕೆ ಇಲ್ಲ ಅನ್ನೋ ಮಾತನ್ನೇ ನಾನು ಕಲಿಸಿಲ್ಲ. ಇನ್ಮೇಲೆ ನೀನು ಬೆಳಿಗ್ಗೆಯೆಲ್ಲ ಫೋನ್ ಹಿಡ್ಕೊಂಡು ಕೂರೋದು ಬೇಡ. ಆರಾಮಾಗಿ ಪಾತ್ರೆ ತೊಳ್ಕೊಬಹುದು!"

ಲೋಕದಲ್ಲಿ ಯಂತ್ರಗಳು ಪಾತ್ರೆ ತೊಳೆದು ಹೆಂಗಸರಿಗೆ ಹರಟಲು ಬಿಡುವು ಮಾಡಿಕೊಡುತ್ತವೆ. ನಮ್ಮ ಮನೆಯಲ್ಲಿ ಯಂತ್ರ ಹರಟೆ ಹೊಡೆದು ನನಗೆ ಪಾತ್ರೆ ತೊಳೆಯಲು ಬಿಡುವು ಮಾಡಿಕೊಟ್ಟಿತು!

ನನ್ನ ಗೆಳತಿಯರ ವಿಷಯ ಹೇಳಬೇಕು. ಫೋನಿನಲ್ಲಿ ಪದಬಂಧ ಬಿಡಿಸುವ ಒಂದು ಜಾಗದಲ್ಲಿ ಪರಿಚಯವಾದ ನಾವು ನಾಲ್ವರು ಸೇರಿ 'ಜಗಲಿಕಟ್ಟೆ' ಎಂಬ ಗುಂಪು ಮಾಡಿಕೊಂಡಿದ್ದೆವು. ಮಂಗಳೂರಿನ ಫಿಲೋಮಿನಾ, ಕೋಲಾರದ ರೆಹಾನಾ, ರಾಯಚೂರಿನ ಮಹಾನಂದಕ್ಕ, ನಾನು. ಒಬ್ಬರನ್ನೊಬ್ಬರು ಕಣ್ಣಾರೆ ಕಂಡವರಲ್ಲ. ಆದರೆ ಯಾರ ಮನೆಯ ನಲ್ಲಿ ಸೋರುತ್ತದೆ, ಯಾರ ಊರಲ್ಲಿ ಟೊಮೇಟೊ ಏನು ಬೆಲೆ, ಯಾರ ನಾದಿನಿ ಮುನಿಸಿಕೊಂಡಿದ್ದಾಳೆ, ಎಲ್ಲ ಗೊತ್ತು. ನನಗೆ ಚಿಕೂನ್‌ಗುನ್ಯಾ ಬಂದು ಮಲಗಿದ್ದಾಗ ಮಹಾನಂದಕ್ಕ ದಿನಾ ಬೆಳಿಗ್ಗೆ "ಎದ್ದೀರೇನ್ರಿ?" ಎಂದು ಕೇಳುತ್ತಿದ್ದರು. ನಾನು "ಎದ್ದೆ" ಎನ್ನುವ ತನಕ ಅವರು ಚಹಾ ಮುಟ್ಟುತ್ತಿರಲಿಲ್ಲ. ಒಡಹುಟ್ಟಿದವರೂ ಅಷ್ಟು ವಿಚಾರಿಸಲಿಲ್ಲ. ಅಂಥವರನ್ನು ಈ ಮಸಾಲೆ ಡಬ್ಬದ ಕೈಗೆ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು!

ಮೊದಲ ಪೆಟ್ಟು ಫಿಲೋಮಿನಾಗೆ ಬಿತ್ತು. ಮನೆಗೆ ಹೊಸದಾಗಿ ಬಣ್ಣ ಹೊಡೆಸಿ ಫೋಟೊ ಹಾಕಿ, "ಹೇಗುಂಟು ನಮ್ಮ ಮನೆ? ಚಂದ ಆಗಿದೆ ಅಲ್ವಾ?" ಎಂದು ಕೇಳಿದ್ದಳು. "ಹೂಂ, ನಿಜ. ಒಳ್ಳೆಯದು," ಎಂದಿತು ಹೂಂಗುಟ್ಟಿ. ಅಲ್ಲಿಗೆ ಸರಿಯಿತ್ತು. ರೆಹಾನಾ ತಮಾಷೆಗೆ, "ಕೆಮ್ಮಿನ ಔಷಧಿ ಚೆಲ್ಲಿದ ಹಾಗಿದೆ ಅಲ್ವಾ ಮಂಗಳಕ್ಕ?" ಎಂದಳು. ಅದಕ್ಕೂ, "ಹೂಂ, ನಿಜ. ಒಳ್ಳೆಯದು!"

ಸ್ವಲ್ಪ ಹೊತ್ತಿಗೆ ಫಿಲೋಮಿನಾಳ ಫೋನೇ ಬಂತು. "ಎಂತ ಮಾರಾಯ್ತಿ, ನೀನು ಒಂದೇ ಬಾಯಲ್ಲಿ ಎರಡು ಮಾತಾಡುವುದಾ? ಪೈಂಟಿನವನು ಇನ್ನೂ ಏಣಿಯಿಂದ ಇಳಿದಿಲ್ಲ, ಈಗಲೇ ಹೇಳು!"

ನಾನು ಕ್ಷಮೆ ಕೇಳಿ ನಮ್ಮವರ ಕಡೆ ತಿರುಗಿದೆ. "ಇದನ್ನ ಕಿತ್ತು ಹಾಕ್ತೀರೋ, ನಾನು ಕಿತ್ತು ಹಾಕ್ಲೋ?"

"ಹೊಸ ಯಂತ್ರ ಕಣೇ, ಪಳಗೋಕೆ ಟೈಮ್ ಬೇಡ್ವಾ? ನಿನ್ನನ್ನ ಮದುವೆ ಆದಾಗ ನಾನು ಕಾಯಲಿಲ್ವಾ?"

"ಅದು ಪಳಗಲಿ. ನೀವಿನ್ನೂ ಪಳಗಿಲ್ಲ!"

ನಾನು ಕೋಪದಲ್ಲಿ ಬಟ್ಟೆ ಒಣಹಾಕಲು ಮೇಲೆ ಹೋದೆ. ಕೆಳಗೆ ಟಿಂಗ್ ಟಿಂಗ್ ನಡೆದೇ ಇತ್ತು. ಆಗ ನಡೆದ ಮಾತುಕತೆಯನ್ನು ನಾನು ಓದಿದ್ದು ಆಮೇಲೆ.

"ಮಂಗಳಕ್ಕ, ತುಮಕೂರಲ್ಲಿ ಚಿರತೆ ಓಡಾಡ್ತಿದೆಯಂತೆ. ನ್ಯೂಸಲ್ಲಿ ಬಂತು. ನಿಜಾನಾ?" ಇದು ರೆಹಾನಾ.

"ಹೂಂ, ನಿಜ."

"ಅಯ್ಯೋ! ನಿಮ್ಮ ಬೀದಿಗೇನಾದ್ರೂ ಬಂತಾ?"

"ಹೂಂ, ಬಂತು."

"ಮನೆ ಒಳಗಲ್ಲ ತಾನೇ?"

"ಹೂಂ, ಮನೆ ಒಳಗೆ. ಒಳ್ಳೆಯದು."

"ಒಳ್ಳೇದಾ? ಅಕ್ಕಾ, ಅದು ಯಾರನ್ನಾದ್ರೂ ಹಿಡ್ಕೊಂಡಿದೆಯಾ? ಭಾವನವರನ್ನಾ?"

"ಹೂಂ, ಭಾವನವರನ್ನು. ಒಳ್ಳೆಯದು."

ನಾನು ಒದ್ದೆ ಸೀರೆ ಕೊಡವುತ್ತಿದ್ದಾಗ ಗೇಟಿನ ಮುಂದೆ ಜೀಪು ನಿಂತಿತು. ಅದರ ಹಿಂದೆ ಬೋನು ಹೊತ್ತ ವ್ಯಾನು, ವ್ಯಾನಿನ ಹಿಂದೆ ಇಡೀ ಬಡಾವಣೆ! ರೆಹಾನಾಳ ಫೋನು ಹೋಗಿ ಓಡಿಬಂದಿದ್ದ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಮೈಕಿನಲ್ಲಿ, "ಅಮ್ಮಾ, ಗಾಬರಿ ಆಗ್ಬೇಡಿ! ಯಜಮಾನರು ಪೂರ್ತಿ ಒಳಗೆ ಹೋದ್ರಾ, ಅರ್ಧ ಹೊರಗಿದ್ದಾರಾ?" ಎಂದು ಕೂಗಿದರು.

ಯಜಮಾನರು ಬನಿಯನ್ನಿನಲ್ಲಿ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಹೊರಗೆ ಬಂದರು. ಬಲೆ ಹಿಡಿದಿದ್ದವನು ಆತುರಗಾರ, ಬೀಸಿಯೇಬಿಟ್ಟ! ಬಲೆಯೊಳಗಿಂದಲೇ ನಮ್ಮವರು ತಮ್ಮ ಯಂತ್ರದ ಹಿರಿಮೆಯನ್ನು ಅಧಿಕಾರಿಗೆ ವಿವರಿಸಿದರು. ಅಧಿಕಾರಿ ತಾಳ್ಮೆಯಿಂದ ಕೇಳಿ, "ಇನ್ನೊಂದು ಸಲ ಹೀಗಾದ್ರೆ ಆ ಡಬ್ಬಾನ ಬೋನಿಗೆ ಹಾಕ್ಕೊಂಡು ಹೋಗ್ತೀವಿ," ಎಂದು ನನ್ನ ನಂಬರ್ ಬರೆದುಕೊಂಡು, ತಮ್ಮ ನಂಬರ್ ಕೊಟ್ಟು ಹೋದರು.

ಇಷ್ಟೆಲ್ಲ ಆದರೂ ನನಗೆ ನಗು ಬಂದಿತ್ತು. ನಗು ನಿಂತದ್ದು ಡಬ್ಬದಿಂದ ಫೋನ್ ಬಿಚ್ಚಿಕೊಂಡು ಗುಂಪು ತೆರೆದು ನೋಡಿದಾಗ. ಈ ಗಲಾಟೆಯ ನಡುವೆ ಮಹಾನಂದಕ್ಕ ಬರೆದಿದ್ದರು: "ಮುಂಜಾನಿಂದ ನಮ್ಮ ಊರ ಬಿಸಿಲಿನ ಸುದ್ದಿ ಹಾಕಾಕತ್ತೀನಿ, ಬರೇ ಹೂಂ ಅನ್ನೂದು ಬಿಟ್ಟು ಯಾರೂ ಮಾತಾಡವಲ್ರಿ. ನಾ ಯಾರಿಗೂ ಬ್ಯಾಡಾದೆ ಅನಸ್ತದ. ಗುಂಪು ಬಿಟ್ಟು ಹೋಗ್ಲೇನು?"

ಹೋಗ್ಲೇನು ಎಂದು ಕೇಳುವುದು ಹೋಗುವುದಕ್ಕಲ್ಲ! ಹೋಳಿಗೆ ಬಡಿಸುವಾಗ ಎಲೆಗೆ ಕೈ ಅಡ್ಡ ಇಟ್ಟು ಸಾಕು ಎಂದವರಿಗೆ ಇನ್ನೊಂದು ಹಾಕಬೇಕು, ಇದು ಮಕ್ಕಳಿಗೂ ಗೊತ್ತು. "ಅಯ್ಯೋ ಬೇಡಿ, ನೀವಿಲ್ಲದೆ ಜಗಲಿಕಟ್ಟೆ ಉಂಟೇ?" ಎಂದು ಅನ್ನಿಸಿಕೊಳ್ಳಲಿಕ್ಕೆ ಅವರು ಕೇಳಿದ್ದರು. ಅದರ ಕೆಳಗೆ ನನ್ನ ಹೆಸರಿನಲ್ಲಿ ಉತ್ತರ ಹೋಗಿತ್ತು. "ಹೂಂ, ಹಾಗೇ ಮಾಡಿ. ಒಳ್ಳೆಯದು."

ಅದರ ಕೆಳಗೆ, 'ಮಹಾನಂದಾ ಗುಂಪು ತೊರೆದಿದ್ದಾರೆ.'

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ, ಕಟ್ ಮಾಡಿದರು. ನನಗೆ ಅಳುವೇ ಬಂತು. "ನಿಮ್ಮ ಡಬ್ಬದಿಂದ ನನ್ನ ಅಕ್ಕನಂಥವರು ಹೋದ್ರು ಕಣ್ರೀ! ಅವರು ಬರೋ ತನಕ ಈ ಮನೇಲಿ ಒಲೆ ಹಚ್ಚಲ್ಲ!"

ನಮ್ಮವರು ಹೆದರಿದರು. ಒಲೆಯ ಮಾತು ಬಂದರೆ ಅವರಿಗೆ ಬೇಗ ಪಶ್ಚಾತ್ತಾಪವಾಗುತ್ತದೆ. "ಹೂಂಗುಟ್ಟಿಯಿಂದಲೇ ಕ್ಷಮೆ ಕೇಳಿಸಿ, ಮನೆಗೆ ಕರೆಸ್ತೀನಿ ನೋಡು! ಕರೆಯೋ ಮರ್ಯಾದೆ ಕಲಿಸ್ತೀನಿ," ಎಂದು ಫೋನನ್ನು ಕಿತ್ತುಕೊಂಡು ಮತ್ತೆ ಜೋಡಿಸಿ, ಸ್ಕ್ರೂ ತಿರುಗಿಸಿಯೇಬಿಟ್ಟರು.

ಕರೆಯುವ ಮರ್ಯಾದೆ ಕಲಿಸಿದವರು ಅದನ್ನು ನಿಲ್ಲಿಸುವ ಮರ್ಯಾದೆ ಕಲಿಸಲಿಲ್ಲ. ನಾವು ದಾರಿಯಲ್ಲಿ ಸಿಕ್ಕವರಿಗೆಲ್ಲ "ಬನ್ನಿ ಒಂದ್ಸಲ ಮನೆಗೆ" ಎನ್ನುತ್ತೇವೆ, ಅವರು "ಬರೋಣ ಬರೋಣ" ಎನ್ನುತ್ತಾರೆ, ಅಲ್ಲಿಗೆ ಇಬ್ಬರೂ ಕ್ಷೇಮ. ಹೂಂಗುಟ್ಟಿ ಮಹಾನಂದಕ್ಕನಿಗೆ "ಕ್ಷಮಿಸಿ, ಭಾನುವಾರ ಮನೆಗೆ ಊಟಕ್ಕೆ ಬನ್ನಿ" ಎಂದು ವಿಳಾಸದ ಸಮೇತ ಕಳಿಸಿತು. ಅದನ್ನೇ ನನ್ನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಕಳಿಸಿತು! "ಬರೋಣ" ಎಂದವರನ್ನು "ಎಷ್ಟು ಗಂಟೆಗೆ?" ಎಂದು ಕೇಳಿತು. "ನೋಡೋಣ" ಎಂದವರನ್ನು "ಏನು ನೋಡುತ್ತೀರಿ?" ಎಂದಿತು. "ಮೊಣಕಾಲು ನೋವು" ಎಂದ ಬ್ಲೌಸ್ ಹೊಲಿಯುವ ಶಾರದಮ್ಮನಿಗೆ, "ಹೂಂ, ನಿಜ. ಯಾವ ಕಾಲು? ಇನ್ನೊಂದು ಕಾಲಿನಲ್ಲಿ ಬನ್ನಿ," ಎಂದಿತು. ಒಬ್ಬರನ್ನೂ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲು ಗ್ಯಾಸಿನವನು ಬಂದ. ಬರಿಗೈಲಿ ಬರಬಾರದು ಎಂದು ಸಿಲಿಂಡರ್ ಹೊತ್ತು ತಂದಿದ್ದ. ಕುಂಟುತ್ತಾ ಶಾರದಮ್ಮ ಬಂದರು. ಅರಣ್ಯಾಧಿಕಾರಿ ಹೆಂಡತಿ ಮಕ್ಕಳ ಸಮೇತ ಬಂದು, ಮಕ್ಕಳಿಗೆ "ಇವರೇ ನೋಡ್ರೋ ಬಲೆಗೆ ಬಿದ್ದ ತಾತ" ಎಂದು ನಮ್ಮವರನ್ನು ತೋರಿಸಿದರು. ಫಿಲೋಮಿನಾ, ರೆಹಾನಾ ವಿಡಿಯೊ ಕಾಲಿನಲ್ಲಿ ಬಂದು ಟಿ.ವಿ. ಪಕ್ಕ ಕೂತರು. ಕುರ್ಚಿಗಳು ಮುಗಿದು, ಚಾಪೆಗಳೂ ಮುಗಿದವು. ಒಲೆ ಹಚ್ಚಲ್ಲ ಎಂದಿದ್ದ ನಾನೇ ವಿಧಿಯಿಲ್ಲದೆ ಅನ್ನಕ್ಕಿಟ್ಟು, ಕಾಫಿಗೆ ಹಾಲಿಲ್ಲವೆಂದು ನಮ್ಮವರನ್ನು ಅಂಗಡಿಗೆ ಓಡಿಸಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಎತ್ತರದ ಹೆಂಗಸೊಬ್ಬರು ನಿಂತರು. ಇಳಕಲ್ ಸೀರೆ, ಬಗಲಲ್ಲಿ ಬಟ್ಟೆಯ ಗಂಟು. ಗುಂಪಿನಲ್ಲಿ ಅವರ ಹೆಸರಿನ ಪಕ್ಕದ ಪುಟ್ಟ ಫೋಟೊದಲ್ಲಿ ನಾನು ಇಲ್ಲಿಯವರೆಗೆ ನೋಡಿದ್ದದ್ದು ಒಂದು ಬದನೆಕಾಯಿ ಮಾತ್ರ, ಆದರೂ ನೋಡಿದೊಡನೆ ಗುರುತು ಹತ್ತಿತು.

"ಮಹಾನಂದಕ್ಕ!"

"ಒಳಗ ಬರಂಗಿಲ್ಲ," ಎಂದರು ಅವರು. "ಹೋಗ್ರಿ ಅಂದಾಕಿ ಮಖ ಹ್ಯಾಂಗದ ಅಂತ ನೋಡಾಕ ಬಂದೀನಿ. ನೋಡಿದೆ. ಹೊಂಟೆ."

"ಅಕ್ಕಾ, ಅದು ನಾನಲ್ಲ! ಈ ಯಂತ್ರ!"

"ಮಾಡೂದು ಮಾಡಿ ಮಶೀನಿನ ಮ್ಯಾಲ ಹಾಕಬ್ಯಾಡ್ರಿ ತಂಗಿ."

"ನೀವೇ ಮಾತಾಡಿಸಿ ನೋಡಿ!"

ಮಹಾನಂದಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು, ಡಬ್ಬದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಈ ಮಂಗಳಾ ಭಾಳ ಕೆಟ್ಟಾಕಿ ಹೌದಲ್ಲೋ?"

ಟಿಂಗ್! "ಹೂಂ, ನಿಜ. ಒಳ್ಳೆಯದು."

"ನೋಡಿದ್ರ್ಯಾ? ಅದೂ ಅದನ್ನ ಹೇಳ್ತದ!" ಎಂದವರು ಒಂದು ಕ್ಷಣ ಯೋಚಿಸಿದರು. "ಇರ್ಲಿ. ಈಕಿ ಗಂಡ ಭಾಳ ಶ್ಯಾಣ್ಯಾ, ಬುದ್ಧಿವಂತ ಇದ್ದಾನೇನು?"

ಟಿಂಗ್! "ಹೂಂ, ನಿಜ. ಒಳ್ಳೆಯದು."

ಮಹಾನಂದಕ್ಕನ ಮುಖ ಅರಳಿತು. "ಹಂಗಾರ ಇದು ಬರೇ ಸುಳ್ಳ ಹೇಳ್ತದ ತಗೋರಿ!"

ಮನೆಯೆಲ್ಲ ಗೊಳ್ ಎಂದಿತು. ನಾನು ನಗುತ್ತ ಅಳುತ್ತ ಅವರ ಕೈ ಹಿಡಿದುಕೊಂಡೆ. ಅವರು ಗಂಟು ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ನನ್ನ ಮಡಿಲಿಗೆ ಹಾಕಿದರು. ಸಿಟ್ಟಿನಿಂದ ಬಂದವರು ರೊಟ್ಟಿ ಬಡಿದುಕೊಂಡು ಬಂದಿದ್ದರು!

"ಬಿಸಿಲು ಇಳಿಯೂತನಕ ಇಲ್ಲೇ ಇರ್ಲೇನು?" ಎಂದರು. ಡಬ್ಬ ಟಿಂಗ್ ಎನ್ನುವ ಮೊದಲೇ ನಾನು ಅದರ ಮುಚ್ಚಳದ ಮೇಲೆ ಕೈಯಿಟ್ಟೆ. "ಹೂಂ," ಎಂದೆ, ನನ್ನ ಬಾಯಿಂದಲೇ. "ಇರಿ ಅಕ್ಕಾ. ರಾಯಚೂರಿನ ಬಿಸಿಲು ಯಾವಾಗ ಇಳಿಯುತ್ತೋ, ಅಲ್ಲಿ ತನಕ ಇರಿ."

ಆ ಹೊತ್ತಿಗೆ ಹಾಲಿನ ಪ್ಯಾಕೆಟ್ ಹಿಡಿದು ಏದುಸಿರು ಬಿಡುತ್ತ ನಮ್ಮವರು ಒಳಗೆ ಕಾಲಿಟ್ಟರು. ಹೂಂಗುಟ್ಟಿಯ ಬಾಣಗಳೆಲ್ಲ ಒಟ್ಟಿಗೆ ಉರಿದವು. ಯಾವ ಹಳೆಯ ಲಿಫ್ಟಿನ ನೆನಪು ಅದರ ವೈರಿನೊಳಗೆ ಉಳಿದಿತ್ತೋ! ಕೀಂಯ್ ಎಂದು ಕಿರುಚಿ, ಸ್ಪಷ್ಟವಾದ ದನಿಯಲ್ಲಿ ಸಾರಿತು: "ಭಾರ ಹೆಚ್ಚಾಗಿದೆ. ಕೊನೆಯಲ್ಲಿ ಬಂದವರು ದಯವಿಟ್ಟು ಹೊರಗೆ ಹೋಗಿ!"

ಎಲ್ಲರೂ ನಮ್ಮವರ ಕಡೆ ನೋಡಿದರು. ನಮ್ಮವರು ಯಂತ್ರದ ಕಡೆ ನೋಡಿದರು. ಮಹಾನಂದಕ್ಕ ಎದ್ದು ಅವರ ಕೈಯಿಂದ ಹಾಲು ಇಸಿದುಕೊಂಡು, ಅವರನ್ನು ಮೃದುವಾಗಿ ಹೊಸ್ತಿಲಾಚೆ ದಾಟಿಸಿ, ಬಾಗಿಲು ಹಾಕಿಕೊಂಡರು.

ಅಷ್ಟು ದಿನದಲ್ಲಿ ಆ ಡಬ್ಬ ಆಡಿದ ಮಾತುಗಳಲ್ಲಿ ಅರ್ಥವಿದ್ದದ್ದು ಅದೊಂದೇ.