ಸೋಯರಿಕೆಯ ಊಟಕ್ಕೆ ಕರೆಯದೇ ಬಂದ ನಾಲಿಗೆಹುಳುವಿಗೆ

ಮೀನಿನ ಮುಖವಾಣಿಗಳಾದ ಮಾನ್ಯ ನಾಲಿಗೆಹುಳುವಿನವರೇ,

ಅರಬ್ಬೀ ಸಮುದ್ರದಿಂದ ಹುಮನಾಬಾದಿನ ಬಜಾರದವರೆಗೆ, ಐಸಿನ ಪೆಟ್ಟಿಗೆಯಲ್ಲಿ, ಕೆಂಪು ಮೀನೊಂದರ ಬಾಯೊಳಗೆ ಕೂತು ಟಿಕೇಟಿಲ್ಲದೆ ದಯಮಾಡಿಸಿದ ತಮಗೆ ಬಸವಕಲ್ಯಾಣದ ಮಚ್ಚೇಂದ್ರನ ಸವಿನಯ ನಮಸ್ಕಾರಗಳು.

ಕಳೆದ ಭಾನುವಾರ ನನ್ನ ಮಗಳು ಸ್ನೇಹಲಳನ್ನು ನೋಡಲು ಹುಲಸೂರಿನ ಹುಡುಗ ಸಂಘರತ್ನ ತನ್ನ ಕಾಕಾ ದಿಲೀಪರ ಜೊತೆ ನಮ್ಮ ಮನೆಗೆ ಬಂದಿದ್ದ. ಕೆರೆ ಮೀನು ಬಡಿಸಿದರೆ ಮರ್ಯಾದೆ ಕಡಿಮೆಯಾದೀತೆಂದು ನಾನೇ ಹುಮನಾಬಾದಿಗೆ ಹೋಗಿ ಸಮುದ್ರದ ಮೀನು ತಂದೆ. ಹೆಂಡತಿ ಶಕುಂತಲಾಬಾಯಿ ತಲೆಸಮೇತ ಸಾರು ಮಾಡಿ, ತಲೆಯನ್ನು ಹಿರಿಯರೆಂದು ಕಾಕಾರ ತಾಟಿಗೇ ಹಾಕಿದಳು. ಅವರು ಮೀನಿನ ಬಾಯಿ ಬಿಡಿಸಿದರೆ, ಒಳಗೆ ಎರಡು ಕರಿಗಣ್ಣು ಬಿಟ್ಟುಕೊಂಡು ತಾವು. ಉಣ್ಣುವವರಿಗೆ ಹೀಗೆ ಮುಖಾಮುಖಿ ದರ್ಶನ ಕೊಡುವ ತಮ್ಮ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು.

ಕಾಕಾ ತಾಟು ಸರಿಸಿ, "ಹುಳ ತಿನ್ನಸಾಕ ಕರಸೀರೇನ್ರಿ?" ಎಂದರು. ನಾನು ತಲೆ ತಗ್ಗಿಸಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸ್ನೇಹಲ್ ಮಾತ್ರ ತಮ್ಮನ್ನು ಚಮಚದಲ್ಲಿ ಎತ್ತಿ, ಹುರುಪಿನಿಂದ ತಮ್ಮ ಪರಿಚಯ ಮಾಡಿಕೊಟ್ಟಳು: "ಇದು ಮೀನಿನ ನಾಲಿಗಿ ರಕ್ತ ಕುಡದು ಒಣಗಸ್ತದ್ರಿ. ಆಮ್ಯಾಲ ನಾಲಿಗಿ ಜಾಗದಾಗ ತಾನ ಕೂಡ್ತದ. ಮನುಷ್ಯಾರಿಗೇನೂ ಮಾಡಂಗಿಲ್ರಿ." ಆಮೇಲೆ ಹುಡುಗನ ಕಡೆ ತಿರುಗಿ, "ನಿಮಗೇನ ಅನಸ್ತದ್ರಿ?" ಎಂದು ಕೇಳಿದಳು.

"ಅವಗ ಇಂಥವು ಸೇರಂಗಿಲ್ಲ," ಎಂದರು ಕಾಕಾ.

ಲಗ್ನವಾದ ಮೇಲೆ ನೌಕರಿ ಮಾಡಬಹುದೇ ಎಂದಳು.

"ಅವಗ ನಡ್ಯಂಗಿಲ್ಲ," ಎಂದರು ಕಾಕಾ.

ಸಂಘರತ್ನ ಅನ್ನ ಕಲಸುತ್ತಲೇ ಇದ್ದ. ಸ್ನೇಹಲ್ ಚಮಚವನ್ನು ನೋಡಿದಳು, ಕಾಕಾರನ್ನು ನೋಡಿದಳು. "ಅಪ್ಪಾ, ಈ ಸೋಯರಿಕಿ ನನಗ ಬ್ಯಾಡ," ಎಂದಳು.

ಕೂಡಿಬಂದ ಸಂಬಂಧ ಮುರಿದ ತಮ್ಮ ಮೇಲೆ ದೂರು ಬರೆಯಲೆಂದೇ ಕೂತವನು ನಾನು. ಆದರೆ ಬಯೋಡಾಟಾದಲ್ಲಿ ಇರದ, ಮಧ್ಯಸ್ಥರು ಬಾಯಿಬಿಡದ ಸಂಗತಿಯನ್ನು ತಾವು ಬೆಂದ ಮೇಲೂ ತಿಳಿಸಿಕೊಟ್ಟಿರಲ್ಲ, ಆ ಸೇವಾನಿಷ್ಠೆಗೆ ಏನು ಹೇಳಲಿ? ಆದ್ದರಿಂದ ಇನ್ನು ಮುಂದೆ ಈ ತಾಲೂಕಿನಲ್ಲಿ ಹೆಣ್ಣು ನೋಡಲು ಹೊರಡುವ ಪ್ರತಿಯೊಬ್ಬ ವರನ ಬಾಯನ್ನೂ ತಮ್ಮ ಬಳಗದವರು ಮೊದಲೇ ಹೊಕ್ಕು ನೋಡಿ, ನಾಲಿಗೆಯ ಜಾಗ ಖಾಲಿ ಇದೆಯೋ ಆಗಲೇ ಯಾರಾದರೂ ಕೂತಿದ್ದಾರೋ ಎಂದು ವರದಿ ಕೊಡಬೇಕೆಂದು ಕೋರುತ್ತೇನೆ.

ಒಂದು ಹೊತ್ತು ತಮ್ಮನ್ನು ಬೇಯಿಸಿದ ಮನೆಯ,
ತಮ್ಮ ವಿಶ್ವಾಸಿ,
ಮಚ್ಚೇಂದ್ರ

ತಾ.ಕ.: ನಿನ್ನೆ ಸಂಘರತ್ನ ಒಬ್ಬನೇ ಬಂದಿದ್ದ. ಬಾಗಿಲಲ್ಲೇ ನಿಂತು, ತಡವರಿಸುತ್ತ, "ನೌಕರಿ ಬಿಡೋದು ಬ್ಯಾಡ್ರಿ. ಅದು ಕಾಕಾನ ಮಾತ್ರಿ, ನಂದಲ್ಲ," ಎಂದ. ಸ್ನೇಹಲ್ ಇನ್ನೂ ಹೂಂ ಅಂದಿಲ್ಲ, ಕೂಡ್ರಿಸಿ ಚಹಾ ಕೊಟ್ಟಿದ್ದಾಳೆ. ದಿಲೀಪ ಕಾಕಾರಿಗೆ ಮಾತ್ರ ಈಗ ಇರಲು ಬಾಯಿಲ್ಲದಂತಾಗಿದೆ. ತಮ್ಮ ಗುರುತಿನ ಮೀನು ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸುವುದು.