ಮಾನಿಸ್‌ಗೊಂದು ಬೆಚ್ಚನೆಯ ಹಾಸಿಗೆ

ಡಾಕ್ಟರ್ ಕೀರ್ತಿರಾಜರು ಅವತ್ತು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಉಡುಪಿಯಿಂದ ಹೋಗಿ ಮಲೇಷ್ಯಾದ ನಿಲಾಯ್‌ನ ಮೆಡಿಕಲ್ ಕಾಲೇಜೊಂದರಲ್ಲಿ ಅನಾಟಮಿ ಕಲಿಸುವ ಈ ಮನುಷ್ಯ ಹೆಣಕ್ಕೆ ಹೆದರುವವರಲ್ಲ. ಆದರೆ ಹಾವೆಂದರೆ ಮಾತ್ರ ಕೈಕಾಲು ತಣ್ಣಗಾಗುತ್ತದೆ. ಗಿಡಕ್ಕೆ ನೀರು ಬಿಡುವ ಪೈಪು ದಾರಿಗೆ ಅಡ್ಡ ಬಿದ್ದಿದ್ದರೂ ದಾಟದೆ ಸುತ್ತಿಕೊಂಡು ಹೋಗುತ್ತಾರೆ. ಕೊರೊನಾ ಬರುವ ಮೊದಲು ಡೀನ್ ಪ್ರೊಫೆಸರ್ ಲಿಮ್ ತಮ್ಮ ಬಂಗಲೆಯಲ್ಲಿ ಒಂದು ಊಟ ಇಟ್ಟುಕೊಂಡಿದ್ದರು. ಊಟವಾದ ಮೇಲೆ ತಮ್ಮ ಮುದ್ದಿನ ಹಾವನ್ನು ಕೊರಳಿಗೆ ಹಾಕಿಕೊಂಡು ಹಾಲಿಗೆ ಬಂದರು. ಕಿತ್ತಳೆ ಬಣ್ಣದ, ವಿಷವಿಲ್ಲದ ಹಾವು. ಹೆಸರು ಮಾನಿಸ್, ಮಲಯ ಭಾಷೆಯಲ್ಲಿ ಸಿಹಿ ಎಂದು ಅರ್ಥ. ಎಲ್ಲರೂ ದಡಬಡ ಹಿಂದೆ ಸರಿದರು. ಕೀರ್ತಿರಾಜರು ಮಾತ್ರ ಸರಿಯಲಿಲ್ಲ, ಯಾಕೆಂದರೆ ಅವರ ಬೆನ್ನಿಗೆ ಫ್ರಿಜ್ಜು ತಾಗಿತ್ತು.

"ನಿಮಗೆ ಭಯ ಇಲ್ವಾ?" ಎಂದು ಡೀನ್ ಮೆಚ್ಚುಗೆಯಿಂದ ಕೇಳಿದರು.

ಭಯದಲ್ಲಿ ಕೆಲವರಿಗೆ ನಾಲಿಗೆ ಬೀಳುತ್ತದೆ, ಇವರಿಗೆ ಎದ್ದಿತು. "ನಮ್ಮ ಕಡೆ ಕುಟುಂಬಕ್ಕೊಂದು ನಾಗಬನ ಇರ್ತದೆ ಸರ್. ನಾವು ಪೂಜೆ ಮಾಡುವವರು. ಹಾವು ಅಂದ್ರೆ ನಮಗೆ ಮನೆಯವರ ಲೆಕ್ಕ."

ಆ ಮಾತು ಡೀನ್ ತಲೆಯಲ್ಲಿ ಭದ್ರವಾಗಿ ಕೂತುಬಿಟ್ಟಿತು. ಮುಂದಿನ ವರ್ಷ, ಎರಡನೆಯ ಸಲ ಎಲ್ಲ ಬಂದ್ ಆಗಿ ಜನ ಮನೆಯೊಳಗೆ ಕೂತಿದ್ದಾಗ, ಒಂದು ಬೆಳಿಗ್ಗೆ ಅವರ ಫೋನು ಬಂತು.

"ಕೀರ್ತಿ, ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಹಾವಿರೋ ಮನೇಲಿ ಮಗು ಬೇಡ ಅಂತ ಹೆಂಡತಿ ಹಟ ಹಿಡಿದಿದ್ದಾಳೆ. ಮಾನಿಸ್ ಸ್ವಲ್ಪ ದಿನ ನಿಮ್ಮಲ್ಲಿರಲಿ. ಗಾಜಿನ ಪೆಟ್ಟಿಗೆ ಡ್ರೈವರ್ ಹತ್ತಿರ ಕಳಿಸ್ತಿದ್ದೇನೆ. ಕೆಳಗೆ ತೆಂಗಿನ ನಾರಿನ ಹಾಸಿಗೆ, ಒಂದು ಬದಿ ಬೆಚ್ಚಗೆ, ಒಂದು ಬದಿ ತಣ್ಣಗೆ, ಅಷ್ಟೇ ಲಾ! ಸಂಜೆ ವಿಡಿಯೊದಲ್ಲಿ ಮನೆ ನೋಡ್ತೀನಿ."

ಹಿಂದೆ ಕೂಸು ಅಳತೊಡಗಿತು. ಫೋನು ಕಟ್ಟಾಯಿತು.

ಆಗುವುದಿಲ್ಲ ಎನ್ನಲು ಕೀರ್ತಿರಾಜರಿಗೆ ಧೈರ್ಯವಿರಲಿಲ್ಲ. ಅವರ ಕಾಂಟ್ರ್ಯಾಕ್ಟು ಮುಂದಿನ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸುವ ಕಾಗದ ಡೀನ್ ಮೇಜಿನ ಮೇಲೆ ಸಹಿಗೆ ಕಾದಿದೆ ಎಂದು ಹಿಂದೆ ಆಫೀಸಿನವರು ಹೇಳಿದ್ದರು. ಸಹಿ ಬೀಳದಿದ್ದರೆ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಹೆಂಡತಿ ಮಗಳನ್ನು ಕಟ್ಟಿಕೊಂಡು ಊರಿಗೆ ಹೊರಡಬೇಕು, ಹೊರಡಲು ವಿಮಾನ ಇಲ್ಲ. ಹೊರಟರೂ ಅಲ್ಲಿ ಕೆಲಸ ಇಲ್ಲ. ಇಷ್ಟೆಲ್ಲ ಈಗ ಒಂದು ಹಾವಿನ ಸುಖನಿದ್ರೆಯ ಮೇಲೆ ನಿಂತಿದೆ ಎಂದು ಅವರಿಗೆ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಡ್ರೈವರ್ ಬಾಗಿಲ ಹೊರಗೆ ಗಾಜಿನ ಪೆಟ್ಟಿಗೆ ಇಟ್ಟು, ಬೆಲ್ ಒತ್ತಿ, ಸೋಂಕಿಗೆ ಹೆದರಿ ಓಡಿಹೋದ. ಪೆಟ್ಟಿಗೆಯೊಳಗೆ ಬಾಯಿ ಬಿಗಿದ ಒಂದು ಬಟ್ಟೆಯ ಚೀಲವಿತ್ತು. ಊರಲ್ಲಿ ಹಾವು ಹಿಡಿಯುವವರು ಹೀಗೇ ಚೀಲದ ಬಾಯಿ ಕಟ್ಟಿಕೊಂಡು ಹೋಗುವುದನ್ನು ಕೀರ್ತಿರಾಜರು ದೂರದಿಂದ, ಬಹಳ ದೂರದಿಂದ, ನೋಡಿದ್ದರು. ಅವರು ಹೊಸ್ತಿಲಲ್ಲೇ ಬೆವರಿದರು.

ಮಗಳು ಶ್ರೀಯಾ ಗಾಜಿಗೆ ಮೂಗು ಒತ್ತಿ, "ಪಪ್ಪಾ, ಇಟ್ ಮೂವ್ಡ್! ಸೋ ಕ್ಯೂಟ್ ಲಾ!" ಎಂದಳು. ಮಾತಿನ ಕೊನೆಗೊಂದು "ಲಾ" ಸೇರಿಸುವ ಮಲೇಷ್ಯಾದವರ ಅಭ್ಯಾಸ ಅವಳಿಗೂ ಅಂಟಿತ್ತು.

ಹೆಂಡತಿ ವಾರಿಜಾ ಬಂದು ನೋಡಿದವಳೇ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಯಾರಾದ್ರೂ ಹೀಗೆ ಹೊಸ್ತಿಲಲ್ಲಿ ಇಡ್ತಾರಾ? ಒಳಗೆ ತನ್ನಿ. ಇವತ್ತಿಂದ ಈ ಮನೇಲಿ ಮೀನಿಲ್ಲ, ಮೊಟ್ಟೆ ಇಲ್ಲ. ಮತ್ತೆ ಒಂದು ಹೇಳ್ತೇನೆ ಕೇಳಿ, ಅದಕ್ಕೆ ಹೆಚ್ಚುಕಡಿಮೆ ಆದ್ರೆ ಸರ್ಪಸಂಸ್ಕಾರ ಮಾಡಿಸ್ಬೇಕಾಗ್ತದೆ. ಊರಿಗೆ ಹೋಗ್ಲಿಕ್ಕೆ ಫ್ಲೈಟ್ ಎಲ್ಲುಂಟು?"

ಪೆಟ್ಟಿಗೆಗೆ ಹಾಸಿಗೆ ಹಾಕಬೇಕಾದರೆ ಮೊದಲು ಚೀಲ ಹೊರಗೆ ತೆಗೆಯಬೇಕು. ಕೀರ್ತಿರಾಜರು ನೆಲ ಒರೆಸುವ ಕೋಲಿನ ತುದಿಗೆ ಚೀಲದ ಗಂಟನ್ನು ಸಿಕ್ಕಿಸಿ, ಮುಖ ಅತ್ತ ತಿರುಗಿಸಿ ಎತ್ತಿದರು. ಒಳಗೆ ಏನೋ ಸರಕ್ಕೆಂದು ಜಾರಿತು. ಕೋಲು ಬಿಟ್ಟು ಓಡಬೇಕು ಎನ್ನುವಷ್ಟರಲ್ಲಿ ವಾರಿಜಾ ಹೊಸ ಸ್ಟೀಲ್ ಪಾತ್ರೆಯನ್ನು ಅಡಿಗೆ ಹಿಡಿದಳು. ಹಬ್ಬಕ್ಕೆಂದು ಎತ್ತಿಟ್ಟಿದ್ದ ಪಾತ್ರೆ ಅದು. ಅದನ್ನು ದೇವರ ಮೂಲೆಯಲ್ಲಿಟ್ಟು, ಸುತ್ತ ರಂಗೋಲಿ ಹಾಕಿ, ಅರಿಶಿನ ಚಿಮುಕಿಸಿ, ಪಕ್ಕದಲ್ಲೊಂದು ಬಟ್ಟಲು ಹಾಲು ಇಟ್ಟಳು.

ಆಮೇಲೆ ಕೀರ್ತಿರಾಜರು ಮಾಡಿದ ತಪ್ಪೆಂದರೆ ತಮ್ಮ ಅಪಾರ್ಟ್‌ಮೆಂಟ್ ಕಟ್ಟಡದಲ್ಲೇ ಇದ್ದ, ಅದೇ ಕಾಲೇಜಿನ ಕನ್ನಡದ ಡಾಕ್ಟರುಗಳ ವಾಟ್ಸ್ಯಾಪ್ ಗುಂಪಿನಲ್ಲಿ ಸಲಹೆ ಕೇಳಿದ್ದು. ತಿಂಗಳುಗಟ್ಟಲೆ ಆನ್‌ಲೈನ್ ಪಾಠ ಮಾಡಿ ಬೇಸತ್ತಿದ್ದ ಆ ಜನಕ್ಕೆ ಕೊನೆಗೂ ಒಂದು ರೋಗಿ ಸಿಕ್ಕಿತು. ತಕ್ಷಣ ವಿಡಿಯೊ ಕಾಲ್ ಶುರುವಾಯಿತು, ವಾರ್ಡಿನಲ್ಲಿ ರೌಂಡ್ಸ್ ಹೋದ ಹಾಗೆ.

"ಮೊದ್ಲು ಪೇಷೆಂಟ್ ತೋರಿಸ್ರೀ," ಎಂದರು ಆರನೆಯ ಮಹಡಿಯ ಮಕ್ಕಳ ತಜ್ಞೆ ವಾಸಂತಿ. ಮೈಸೂರಿನವರು. "ಚೀಲ ಬಿಚ್ಚಬೇಡಿ, ಸ್ಟ್ರೆಸ್ ಆಗುತ್ತೆ. ಹಾಂ, ಬಟ್ಟೆ ಏರಿಳೀತಾ ಇದೆ ನೋಡಿ. ಉಸಿರಾಟ ರೆಗ್ಯುಲರ್ ಆಗಿದೆ, ಯೋಚನೆ ಮಾಡಬೇಡಿ ಕಣ್ರೀ."

ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

"ತೂಕಾನೂ ಚಲೋ ಐತಿ," ಎಂದರು ಮೂಳೆ ತಜ್ಞ ದೇವೇಂದ್ರ, ಹುಬ್ಬಳ್ಳಿಯವರು. "ಬೆನ್ನಿನ ಎಲುಬು ನೂರಾರು ಇರ್ತಾವ ಅದಕ್ಕ. ಹಾಸಿಗಿ ಮೆತ್ತಗ ಇರಬೇಕ್ರಿ."

"ನಾನು ಇದೆಲ್ಲ ನಂಬುವವನಲ್ಲ ಮಾರಾಯ್ರೆ," ಎಂದರು ಚರ್ಮರೋಗದ ಉಮಾನಾಥ, ಇವರೂ ಉಡುಪಿ ಕಡೆಯವರೇ. "ಆದ್ರೂ ಅರಿಶಿನ ಇನ್ನೊಂಚೂರು ಹಾಕಿ. ಫಂಗಸ್‌ಗೂ ಒಳ್ಳೇದು."

"ಹಾವು ಹಾಲು ಕುಡಿಯಲ್ಲ ಅನ್ನೋದು ಸೈನ್ಸು," ಎಂದು ವಾಸಂತಿ ತಿದ್ದಿದರು. "ಆದ್ರೆ ಇಟ್ಟಿದ್ದು ಇರಲಿ ಬಿಡಿ, ಯಾಕೆ ತೆಗೀತೀರಾ."

ಈಗ ಹಾಸಿಗೆಯ ವಿಷಯ. ಸಾಕುಪ್ರಾಣಿಯ ಅಂಗಡಿಗೆ ಬೀಗ ಬಿದ್ದಿತ್ತು. ಆನ್‌ಲೈನ್ ಅಂಗಡಿಯವನು ಮುಂದಿನ ವಾರ ಎಂದ. ಹಳೆಯ ಪೇಪರ್ ಹಾಸೋಣವೆಂದರೆ ವಾರಿಜಾ ಬಿಡಲಿಲ್ಲ. "ಕೊರೊನಾದಲ್ಲಿ ಸತ್ತವರ ಲೆಕ್ಕ ಬರೆದ ಪೇಪರ್ ಮೇಲೆ ನಾಗನನ್ನ ಮಲಗಿಸೋದಾ?"

ಮರದ ಹೊಟ್ಟೂ ನಡೆಯುತ್ತದೆ ಎಂದು ದೇವೇಂದ್ರ ಎಲ್ಲೋ ಓದಿದ್ದರು. ಕಟ್ಟಡದಲ್ಲಿ ಮರದ ಹೊಟ್ಟು ಸಿಗುವ ಜಾಗ ಒಂದೇ, ಮಕ್ಕಳ ಪೆನ್ಸಿಲ್ ಮೆಂಡರು. ಎಲ್ಲ ಮನೆಗಳಲ್ಲೂ ಮಕ್ಕಳು ಆನ್‌ಲೈನ್ ಕ್ಲಾಸಿನ ಮಧ್ಯೆ ಭಕ್ತಿಯಿಂದ ಪೆನ್ಸಿಲ್ ಚೂಪು ಮಾಡತೊಡಗಿದರು. ಒಬ್ಬರ ಮನೆಗೆ ಒಬ್ಬರು ಹೋಗುವ ಹಾಗಿರಲಿಲ್ಲವಾದ್ದರಿಂದ ಆ ಕಟ್ಟಡದಲ್ಲಿ ಸಾಂಬಾರು, ಮಾತ್ರೆ, ಪುಸ್ತಕ ಎಲ್ಲವೂ ಲಿಫ್ಟಿನಲ್ಲಿ ಒಂಟಿಯಾಗಿ ಪ್ರಯಾಣ ಮಾಡುತ್ತಿದ್ದವು. ಪೆನ್ಸಿಲ್ ಹೊಟ್ಟೂ ಡಬ್ಬಿಗಳಲ್ಲಿ ಬಂತು. ಕೀರ್ತಿರಾಜರು ಅದನ್ನು ಪೆಟ್ಟಿಗೆಯಲ್ಲಿ ಹರಡಿ ಅಂಗೈಯಿಂದ ಸಮ ಮಾಡಿ ಮುಗಿಸಿದಾಗ ವಾಸಂತಿಯವರು ಫೋನಿನಲ್ಲಿ ಕಿರುಚಿದರು.

"ತೆಗೀರಿ ತೆಗೀರಿ! ಪೆನ್ಸಿಲ್ ಸೀಡರ್ ಮರದ್ದು. ಅದರ ಎಣ್ಣೆ ವಾಸನೆ ಹಾವಿನ ಲಂಗ್ಸ್‌ಗೆ ವಿಷ! ಈಗಷ್ಟೇ ಓದಿದೆ."

ಇಡೀ ಪೆಟ್ಟಿಗೆ ಖಾಲಿ ಮಾಡಿ, ತೊಳೆದು, ಒರೆಸಿ ಆಯಿತು. ಕೀರ್ತಿರಾಜರ ಅಂಗೈ ಸೀಸದ ಪುಡಿಯಿಂದ ಕಪ್ಪಾಗಿತ್ತು.

"ಡೀನ್ ನಾರು ಅಂದಿದ್ದಾರಲ್ಲ," ಎಂದಳು ವಾರಿಜಾ. "ಕಾಲೊರಸುವ ಮ್ಯಾಟು ತೆಂಗಿನ ನಾರಿದ್ದೇ ಅಲ್ವಾ?"

ಕೀರ್ತಿರಾಜರು ಬಾಗಿಲಿನ ಮ್ಯಾಟಿಗೆ ಕೈ ಹಾಕಿದರು. ವಾರಿಜಾ ಬೆಚ್ಚಿಬಿದ್ದಳು. "ಇದಲ್ಲ ಮಾರಾಯ್ರೆ! ಯಾರೂ ತುಳಿಯದ್ದು ಬೇಕು!"

ಯಾರೂ ತುಳಿಯದ ಮ್ಯಾಟು ಉಮಾನಾಥರ ಬಳಿ ಇತ್ತು. ಊರಲ್ಲಿ ಕಟ್ಟಿಸಲಿರುವ ಮನೆಗೆಂದು ಪ್ಲಾಸ್ಟಿಕ್ ಬಿಚ್ಚದೆ ಇಟ್ಟದ್ದು. ನಂಬುವವನಲ್ಲ ಎಂದವರು ನಾಗನ ಹೆಸರು ಕೇಳಿ ಇಲ್ಲ ಅನ್ನಲಾರದೆ, ಮಗಳನ್ನು ಗಂಡನ ಮನೆಗೆ ಕಳಿಸಿದಷ್ಟು ಸಂಕಟದಿಂದ ಅದನ್ನು ಲಿಫ್ಟಿಗೆ ಹಾಕಿದರು. ಕೀರ್ತಿರಾಜರು ನೆಲದ ಮೇಲೆ ಕೂತು ಡಿಸೆಕ್ಷನ್ ಕತ್ತರಿಯಿಂದ ಆ ಮ್ಯಾಟನ್ನು ಎಳೆ ಎಳೆಯಾಗಿ ಬಿಡಿಸಿ, ಕುದಿಯುವ ನೀರಲ್ಲಿ ಅದ್ದಿ, ಬಾಲ್ಕನಿಯಲ್ಲಿ ಒಣಗಿಸಿದರು. ಬೆರಳುಗಳಲ್ಲಿ ಬೊಕ್ಕೆ ಎದ್ದವು.

ಇನ್ನು ಬಿಸಿ. ಹೊರಗೆ ನೆತ್ತಿ ಸುಡುವ ಸೆಕೆ, ಒಳಗೆ ಏಸಿ. ಏಸಿ ಆರಿಸಿದರೆ ವಾರಿಜಾಗೆ ಉಸಿರು ಕಟ್ಟುತ್ತದೆ, ಹಾಕಿದರೆ ಹಾವಿಗೆ ಚಳಿ. ನವಜಾತ ಶಿಶುಗಳ ವಾರ್ಮರನ್ನು ಆಸ್ಪತ್ರೆಯಿಂದ ತರಿಸೋಣವೆಂದು ವಾಸಂತಿ ಹೇಳಿದರು. ಅದಕ್ಕೆ ಶಿಶುವಿನ ಹೆಸರು, ತಂದೆಯ ಹೆಸರು ಬರೆದುಕೊಡಬೇಕೆಂದು ನೆನಪಾಗಿ ಅವರೇ ಸುಮ್ಮನಾದರು. ಕೊನೆಗೆ ದೇವೇಂದ್ರರು ಸೊಂಟನೋವಿಗೆ ಕಟ್ಟಿಕೊಳ್ಳುವ ತಮ್ಮ ಕರೆಂಟಿನ ಹೀಟಿಂಗ್ ಪ್ಯಾಡು ದಾನ ಮಾಡಿದರು.

"ನನ್ನ ಸೊಂಟಾ ಹಿಡಕೊಂಡ್ರ ಹಿಡಕೊಳ್ಳಲಿ," ಎಂದರು. "ಪುಣ್ಯೇದ ಕೆಲಸ."

ಪ್ಯಾಡು ಹೊತ್ತ ಲಿಫ್ಟು ಮೇಲೆ ಬರುವ ಬದಲು ಕೆಳಗಿಳಿಯಿತು. ಅಲ್ಲಿದ್ದ ಗಾರ್ಡು ಅನುಮಾನದಿಂದ ಅದಕ್ಕೆ ಮುಕ್ಕಾಲು ಬಾಟಲಿ ಸ್ಯಾನಿಟೈಸರ್ ಸಿಂಪಡಿಸಿ ಮೇಲೆ ಕಳಿಸಿದ. ಆತುರದಲ್ಲಿದ್ದ ಕೀರ್ತಿರಾಜರು ಒದ್ದೆ ಪ್ಯಾಡನ್ನೇ ಪ್ಲಗ್ಗಿಗೆ ಸಿಕ್ಕಿಸಿದರು. ಟಪ್ಪೆಂದು ಇಡೀ ಮನೆಯ ಕರೆಂಟು ಹೋಯಿತು. ಏಸಿ ನಿಂತಿತು, ಅರೆಯುತ್ತಿದ್ದ ದೋಸೆ ಹಿಟ್ಟು ನಿಂತಿತು, ಶ್ರೀಯಾಳ ಗಣಿತದ ಪರೀಕ್ಷೆ ಅರ್ಧಕ್ಕೆ ನಿಂತಿತು.

"ಥ್ಯಾಂಕ್ಯೂ ಪಪ್ಪಾ!" ಎಂದು ಅವಳೊಬ್ಬಳು ಮಾತ್ರ ಸಂತೋಷಪಟ್ಟಳು.

ಫ್ಯೂಸು ಸರಿಮಾಡಿ, ವಾರಿಜಾಳ ಹೇರ್ ಡ್ರೈಯರಿನಿಂದ ಪ್ಯಾಡು ಒಣಗಿಸಿ, ಪೆಟ್ಟಿಗೆಯ ಒಂದು ಬದಿಯ ಅಡಿಗೆ ಇಟ್ಟಾಗ ಅದು ಬೆಚ್ಚಗಾಯಿತು. ಆದರೆ ಸೊಂಟ ಸುಡಬಾರದೆಂದು ಅದು ಆಗಾಗ ತಾನೇ ಆರಿಹೋಗುತ್ತಿತ್ತು. ಆರಿದಾಗಲೆಲ್ಲ ಒಂದು ಸಣ್ಣ ಕುಂಯ್. ಕೀರ್ತಿರಾಜರು ಓಡಿಹೋಗಿ ಗುಂಡಿ ಒತ್ತಬೇಕು. ಆನ್‌ಲೈನ್ ಪಾಠದ ಮಧ್ಯೆ "ಒಂದು ನಿಮಿಷ" ಎಂದು ಅವರು ಎದ್ದು ಓಡುವುದನ್ನು ಕಂಡು ವಿದ್ಯಾರ್ಥಿಗಳು ಸರ್‌ಗೆ ಹೊಟ್ಟೆ ಕೆಟ್ಟಿದೆ ಎಂದುಕೊಂಡರು.

ಸಂಜೆಯ ಹೊತ್ತಿಗೆ ಪೆಟ್ಟಿಗೆ ನಿಜವಾಗಿಯೂ ಚೆಂದವಾಗಿತ್ತು. ಉಳಿದದ್ದು ಒಂದೇ ಕೆಲಸ, ಚೀಲ ಬಿಚ್ಚಿ ಮಾನಿಸ್‌ಳನ್ನು ಒಳಗೆ ಬಿಡುವುದು. ಗುಂಪಿನ ಡಾಕ್ಟರುಗಳೆಲ್ಲ ಹೇಗೆ ಬಿಡಬೇಕೆಂದು ವಿವರವಾಗಿ ಹೇಳಿಕೊಟ್ಟರು. ಬಂದು ಬಿಡುತ್ತೇನೆ ಎಂದು ಒಬ್ಬರೂ ಹೇಳಲಿಲ್ಲ, ಲಾಕ್‌ಡೌನ್ ನಿಯಮ ಅವರಿಗೆ ಆಗ ಚೆನ್ನಾಗಿ ನೆನಪಿತ್ತು. ಕೀರ್ತಿರಾಜರು ಕೈಗೆ ಓವನ್ನಿನ ದಪ್ಪ ಗ್ಲೌಸು ಹಾಕಿಕೊಂಡು, ಪಾತ್ರೆಯ ಮುಂದೆ ನಿಂತು, ಗಂಟು ನೋಡಿ ಮೂರು ಸಲ ಹಿಂದೆ ಬಂದರು. ನಾಲ್ಕನೆಯ ಸಲ ಹೋಗುವಾಗ ಲ್ಯಾಪ್‌ಟಾಪಿನಲ್ಲಿ ಡೀನ್ ಮುಖ ಮೂಡಿತು. ಪಕ್ಕದ ಫೋನಿನಲ್ಲಿ ಗುಂಪಿನವರೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

"ವಾಹ್! ಬ್ಯೂಟಿಫುಲ್ ಲಾ!" ಎಂದರು ಡೀನ್. ಆಮೇಲೆ ಹುಬ್ಬು ಗಂಟಿಕ್ಕಿದರು. "ಆದ್ರೆ ಇದು ನಾನು ಕಳಿಸಿದ್ದಲ್ಲವಲ್ಲ. ನನ್ನ ಚೀಲ ಎಲ್ಲಿ?"

"ಅಲ್ಲೇ ಉಂಟು ಸರ್, ಕ್ಷೇಮವಾಗಿ." ಕೀರ್ತಿರಾಜರು ಲ್ಯಾಪ್‌ಟಾಪನ್ನು ದೇವರ ಮೂಲೆಗೆ ತಿರುಗಿಸಿದರು. ಅರಿಶಿನ ಮೆತ್ತಿದ ಚೀಲ ದೀಪದ ಬೆಳಕಲ್ಲಿ ಕಂಗೊಳಿಸಿತು. "ಮಾನಿಸ್ ಬೆಳಿಗ್ಗೆಯಿಂದ ತುಂಬ ಶಾಂತವಾಗಿದ್ದಾಳೆ. ಉಸಿರಾಟವನ್ನೂ ನೋಡಿದೆವು."

ಡೀನ್ ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ಬಾಗಿಸಿದರು. ಅವರ ಕೊರಳಲ್ಲಿ ಕಿತ್ತಳೆ ಬಣ್ಣದ ಮಾನಿಸ್ ನಾಲಿಗೆ ಚಾಚಿ ಕೀರ್ತಿರಾಜರನ್ನೇ ನೋಡುತ್ತಿದ್ದಳು.

"ಮಾನಿಸ್ ಇಲ್ಲೇ ಇದ್ದಾಳೆ. ಮನೆ ಸಿದ್ಧ ಆಗೋ ಮೊದಲು ಯಾರಾದ್ರೂ ಹಾವು ಕಳಿಸ್ತಾರಾ? ಆ ಚೀಲದಲ್ಲಿರೋದು ಹಾಸಿಗೆ ಮತ್ತು ಹೀಟರು."

ಫೋನಿನಲ್ಲಿ ವಾಸಂತಿಯವರ ಚೌಕ ಸದ್ದಿಲ್ಲದೆ ಕಪ್ಪಾಯಿತು. ಉಮಾನಾಥರು "ನನ್ನ ಮ್ಯಾಟು!" ಎಂದದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

ಕೀರ್ತಿರಾಜರು ಗಂಟು ಬಿಚ್ಚಿದರು. ಮೆತ್ತನೆಯ ತೆಂಗಿನ ನಾರು, ಒಂದು ಹೀಟ್ ಮ್ಯಾಟು, ಅದರ ಹಿಂದೆಯೇ ಉದ್ದನೆಯ ಕಪ್ಪು ವಯರು ಸರಸರನೆ ಜಾರಿ ಅವರ ಪಾದದ ಮೇಲೆ ಬಿತ್ತು. ಅವರು ಒಂದೇ ನೆಗೆತಕ್ಕೆ ಸೋಫಾದ ಮೇಲಿದ್ದರು.

"ಎಷ್ಟು ಖುಷಿ ನೋಡಿ ಇವರಿಗೆ!" ಎಂದು ಡೀನ್ ನಕ್ಕರು. "ಕೀರ್ತಿ, ನೀವು ನಿಜವಾಗಿಯೂ ಹಾವಿನ ಮನುಷ್ಯ. ನನಗೆ ಒಂದು ದೊಡ್ಡ ಚಿಂತೆ ಇತ್ತು. ಮಾನಿಸ್‌ಗೆ ಒಬ್ಬಳು ತಂಗಿ ಇದ್ದಾಳೆ, ಪೆಡಾಸ್ ಅಂತ. ಖಾರ ಅಂತ ಅರ್ಥ. ಸ್ವಲ್ಪ ಕಚ್ತಾಳೆ, ಆದ್ರೆ ಒಳ್ಳೆಯವಳು. ಇಬ್ಬರನ್ನ ಒಂದೇ ಪೆಟ್ಟಿಗೇಲಿ ಇಡೋ ಹಾಗಿಲ್ಲ. ಪೆಟ್ಟಿಗೆ ಇನ್ನೊಂದಿದೆ, ಹಾಸಿಗೆ ಹೀಟರು ಇರಲಿಲ್ಲ. ಈಗ ನಿಮ್ಮ ಹತ್ರ ಎರಡು ಸೆಟ್ ಆಯ್ತಲ್ಲ! ನಾಳೆ ಬೆಳಿಗ್ಗೆ ಇಬ್ಬರನ್ನೂ ಕಳಿಸ್ತೀನಿ. ಓಕೆ?"

ಕೀರ್ತಿರಾಜರ ಕಣ್ಣ ಮುಂದೆ ಸಹಿಗೆ ಕಾದ ಕಾಗದ, ಇಲ್ಲದ ವಿಮಾನ, ಹೆಂಡತಿ, ಮಗಳು ಎಲ್ಲ ಬಂದು ಹೋದವು. ಸೋಫಾದ ಮೇಲೆ ನಿಂತುಕೊಂಡೇ, "ಆಗಲಿ ಸರ್, ಸಂತೋಷ," ಎಂದರು. ಇಷ್ಟು ಬೆಲೆ ಕೊಟ್ಟ ಮೇಲೆ ಕೇಳಲು ತನಗೆ ಹಕ್ಕಿದೆ ಎನಿಸಿ ಬಾಯಿಬಿಟ್ಟರು. "ಸರ್, ನನ್ನ ಕಾಂಟ್ರ್ಯಾಕ್ಟಿನ ವಿಷಯ..."

"ಅದಾ? ಹೋದ ವಾರವೇ ಸೈನ್ ಮಾಡಿ ಆಫೀಸಿಗೆ ಕಳಿಸಿದೆನಲ್ಲ. ನಿಮಗೆ ಯಾರೂ ಹೇಳಲಿಲ್ವಾ?" ಎಂದರು ಡೀನ್. ಕೂಸು ಅತ್ತಿತು. ಕಾಲ್ ಕಟ್ಟಾಯಿತು.

ವಾರಿಜಾ ಹಾಲಿನ ಬಟ್ಟಲು ಎತ್ತಿಕೊಂಡು, "ಇನ್ನೊಂದು ಹೊಸ ಪಾತ್ರೆ ಅಟ್ಟದಲ್ಲುಂಟು, ತೆಗೆದುಕೊಡಿ. ನಾಳೆ ಬೇಗ ಎದ್ದು ಸ್ನಾನ ಮಾಡಿ," ಎಂದು ಒಳಗೆ ಹೋದಳು.

ಖಾಲಿ ಪೆಟ್ಟಿಗೆಯ ಅಡಿಯಿಂದ ಕುಂಯ್ ಎಂದು ಸದ್ದಾಯಿತು. ಕೀರ್ತಿರಾಜರು ಸೋಫಾದಿಂದಿಳಿದು, ವಯರನ್ನು ದಾಟದೆ ಸುತ್ತಿಕೊಂಡು ಹೋಗಿ, ಗುಂಡಿ ಒತ್ತಿ ಬಂದರು.